ಹೊಸ ಪೂಲ್‌ಗೆ ನೀರು ತುಂಬಿದ ಮೇಲೆ: ಮೊದಲ ವಾರದ ಕೆಮಿಸ್ಟ್ರಿ

ನೆಲದ ಮೇಲೆ ನಿಲ್ಲಿಸುವ ಪೂಲ್ ಬಂತು. ಜಾಗ ಮಟ್ಟ ಮಾಡಿ, ಲೈನರ್ (ಒಳಗಿನ ವಿನೈಲ್ ಹಾಳೆ) ಹಾಸಿ, ಸುಕ್ಕು ಬಿಡಿಸಿ, ಮೇಲೆ ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರ್ ಬಾಯಿಯ ಅರ್ಧದ ತನಕ ನೀರು ತುಂಬಿದ್ದಾಯಿತು. ನೀರು ತಿಳಿಯಾಗಿದೆ, ತಳ ಚೆನ್ನಾಗಿ ಕಾಣುತ್ತಿದೆ. ಇನ್ನೇನು, ಒಂದಿಷ್ಟು ಕ್ಲೋರಿನ್ ಸುರಿದು ಇಳಿಯೋಣ ಅನ್ನಿಸುವುದು ಸಹಜ. ಹಾಗೆ ಮಾಡಿದ ಎಷ್ಟೋ ಪೂಲ್‌ಗಳ ನೀರು ವಾರ ಕಳೆಯುವುದರೊಳಗೆ ಮಬ್ಬಾಗುತ್ತದೆ, ಆಮೇಲೆ ಹಸಿರಾಗುತ್ತದೆ. ಕ್ಲೋರಿನ್ ಹಾಕಿದ್ದೆವಲ್ಲ, ಅದೆಲ್ಲಿ ಹೋಯಿತು?

ಬಿಸಿಲಿಗೆ ಹೋಯಿತು. ಏನೂ ರಕ್ಷಣೆ ಇಲ್ಲದ ಕ್ಲೋರಿನ್ ಮೇಲೆ ಒಳ್ಳೆ ಬಿಸಿಲು ಬಿದ್ದರೆ ಒಂದು ಗಂಟೆಯೊಳಗೆ ಸುಮಾರು ಅರ್ಧ ಮಾಯವಾಗುತ್ತದೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಇರುವುದಿಲ್ಲ. ಅದಕ್ಕೇ ಹೊಸ ಪೂಲ್ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಕ್ಲೋರಿನ್ ಎಷ್ಟಿದೆ ಅಂತ ಕೇಳುವ ಮೊದಲು ಅದನ್ನು ಬಿಸಿಲಿನಿಂದ ಕಾಪಾಡುವ ಸ್ಟೆಬಿಲೈಸರ್ ಎಷ್ಟಿದೆ ಅಂತ ಕೇಳಿ. ಇವೆರಡನ್ನೂ ಜೊತೆಯಾಗಿ ನೋಡುವುದು ಗೊತ್ತಾದರೆ ಪೂಲ್ ಕೆಮಿಸ್ಟ್ರಿಯ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಉಳಿದದ್ದೆಲ್ಲ ಆ ಕೆಲಸಕ್ಕೆ ನೀರನ್ನು ಸಜ್ಜು ಮಾಡುವುದು.

ಮೊದಲು ಲೆಕ್ಕ

ಪೂಲ್‌ನಲ್ಲಿ ಎಷ್ಟು ಲೀಟರ್ ನೀರಿದೆ ಅಂತ ಗೊತ್ತಿಲ್ಲದೆ ಯಾವ ಡಬ್ಬಿಯನ್ನೂ ತೆರೆಯಬೇಡಿ. ದುಂಡನೆಯ ಪೂಲ್ ಆದರೆ ಲೆಕ್ಕ ಸುಲಭ. ವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ. ಎಲ್ಲವೂ ಮೀಟರಿನಲ್ಲಿರಲಿ. ಬಂದದ್ದು ಘನ ಮೀಟರ್, ಅದನ್ನು 1000ದಿಂದ ಗುಣಿಸಿದರೆ ಲೀಟರ್. ಗೋಡೆಯ ಎತ್ತರ ಲೆಕ್ಕಕ್ಕೆ ಬೇಡ, ನೀರು ನಿಂತಿರುವ ಎತ್ತರ ಮಾತ್ರ ಬೇಕು. 4.5 ಮೀಟರ್ ಅಗಲದ ಪೂಲ್‌ನಲ್ಲಿ 1.1 ಮೀಟರ್ ನೀರಿದ್ದರೆ ಸುಮಾರು 17,500 ಲೀಟರ್. ಈ ಲೇಖನದುದ್ದಕ್ಕೂ ಇದೇ ಪೂಲನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

ಇನ್ನು ಪಿಪಿಎಂ. ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು ಅಂದರೆ ತಲೆಗೆ ಹತ್ತುವುದಿಲ್ಲ, ಅಲ್ವಾ? ಸಾವಿರ ಲೀಟರ್ ನೀರಿಗೆ ಒಂದು ಗ್ರಾಂ ಅಂತ ಇಟ್ಟುಕೊಳ್ಳಿ. ನಮ್ಮ ಉದಾಹರಣೆಯ ಪೂಲ್‌ನಲ್ಲಿ 1 ಪಿಪಿಎಂ ಅಂದರೆ 17.5 ಗ್ರಾಂ. ಮುಂದಿನ ಲೆಕ್ಕವೆಲ್ಲ ಇದೊಂದರ ಮೇಲೇ ನಿಂತಿದೆ.

ಬಂದ ನೀರಿನಲ್ಲಿ ಏನಿದೆ?

ಪಂಪ್ ಚಾಲೂ ಮಾಡಿ, ಕೆಲವು ಗಂಟೆ ನೀರು ಸುತ್ತಾಡಲಿ. ಶುರುವಿನ ದಿನಗಳಲ್ಲಿ ಪಂಪ್ ಹಗಲೂ ರಾತ್ರಿ ಓಡಿದರೆ ಒಳ್ಳೆಯದು. ನಿಂತ ನೀರಿಗೆ ಹಾಕಿದ ರಾಸಾಯನಿಕ ಹಾಕಿದ ಕಡೆಯೇ ಉಳಿಯುತ್ತದೆ, ತಳಕ್ಕಿಳಿದು ಲೈನರಿನ ಬಣ್ಣ ತಿನ್ನುತ್ತದೆ.

ಆಮೇಲೆ ಟೆಸ್ಟ್. ನೀರು ಒಳಬರುವ ನಳಿಕೆಯಿಂದ ದೂರದಲ್ಲಿ, ಮೊಣಕೈ ಮುಳುಗುವಷ್ಟು ಆಳದಿಂದ ನೀರು ತೆಗೆಯಿರಿ. ಮೇಲ್ಪದರದ ನೀರಿನಿಂದ ಪೂರ್ತಿ ಪೂಲ್‌ನ ಕಥೆ ಗೊತ್ತಾಗುವುದಿಲ್ಲ. ಅದ್ದಿ ನೋಡುವ ಪಟ್ಟಿಗಳು ಅಂದಾಜಿಗೆ ಸಾಕು, ಡೋಸ್ ನಿರ್ಧರಿಸಲು ಸಾಲದು. ಹನಿ ಎಣಿಸುವ ಕಿಟ್‌ಗೆ ಖರ್ಚು ಮಾಡಿ ಅಂತಲೇ ನನ್ನ ಸಲಹೆ. ಪಂಪ್, ಏಣಿ, ಹೊದಿಕೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಸ್ತು ಅದು.

ಅದರಲ್ಲಿ ಕ್ಲೋರಿನ್ ನೋಡುವುದು ಹೀಗೆ. ಸಣ್ಣ ಕೊಳವೆಯಲ್ಲಿ 10 ಮಿಲಿಲೀಟರ್ ನೀರು ಹಿಡಿದು ಡಿಪಿಡಿ ಅನ್ನುವ ಪುಡಿ ಚಿಟಿಕೆಯಷ್ಟು ಹಾಕಿದರೆ ನೀರು ಗುಲಾಬಿಯಾಗುತ್ತದೆ. ಆಮೇಲೆ ಕಿಟ್‌ನಲ್ಲಿರುವ ದ್ರಾವಣವನ್ನು ಒಂದೊಂದೇ ಹನಿ ಹಾಕಿ ಕುಲುಕುತ್ತಾ ಹೋಗಿ. ಬಣ್ಣ ತೆಳುವಾಗುತ್ತಾ ಬಂದು ಒಂದು ಹನಿಗೆ ತಟ್ಟನೆ ಮಾಯವಾಗುತ್ತದೆ. ಹೆಚ್ಚಿನ ಕಿಟ್‌ಗಳಲ್ಲಿ ಈ ಅಳತೆಗೆ ಒಂದು ಹನಿ ಅಂದರೆ 0.5 ಪಿಪಿಎಂ. ಎಂಟು ಹನಿ ಬಿದ್ದರೆ 4 ಪಿಪಿಎಂ. ಬಣ್ಣದ ಪಟ್ಟಿ ಪಕ್ಕದಲ್ಲಿಟ್ಟು ಇದು ಅದಾ, ಅದು ಇದಾ ಅಂತ ಕಣ್ಣು ಕಿರಿದು ಮಾಡುವ ಕೆಲಸವೇ ಇಲ್ಲ.

ಬಣ್ಣ ಹೋಲಿಸುವ ಸಾದಾ ಡಿಪಿಡಿ ಕಿಟ್‌ನಲ್ಲಿ ಒಂದು ಅಪಾಯವಿದೆ. ನೀರಿನಲ್ಲಿ ಕ್ಲೋರಿನ್ ತೀರಾ ಜಾಸ್ತಿಯಾದಾಗ ಅದು ಗುಲಾಬಿ ಬಣ್ಣವನ್ನೇ ಬಿಳುಪಾಗಿಸಿಬಿಡುತ್ತದೆ. ಕೊಳವೆ ಸ್ವಚ್ಛವಾಗಿ ಕಾಣುತ್ತದೆ. ನೋಡಿದವರು ಕ್ಲೋರಿನ್ ಸೊನ್ನೆ ಅಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಕ್ಷಣಮಾತ್ರ ಗುಲಾಬಿ ಮಿಂಚಿ ಮಾಯವಾದರೆ, ಕ್ಲೋರಿನ್ ಇಲ್ಲ ಅಂತಲ್ಲ, ವಿಪರೀತ ಇದೆ ಅಂತ ಅರ್ಥ. ಕ್ಲೋರಿನ್ 10 ಪಿಪಿಎಂ ದಾಟಿದಾಗ ಪಿಎಚ್ ಟೆಸ್ಟ್‌ನ ಬಣ್ಣವನ್ನೂ ನಂಬುವಂತಿಲ್ಲ. ಪಿಎಚ್ ಅನ್ನು ಯಾವಾಗಲೂ ಕ್ಲೋರಿನ್ ಏರಿಸುವ ಮೊದಲೇ ಸರಿ ಮಾಡಿಕೊಳ್ಳಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಬಾವಿ ಅಥವಾ ಬೋರ್‌ವೆಲ್ ನೀರು ತುಂಬಿದ್ದರೆ ಕಬ್ಬಿಣ, ಮ್ಯಾಂಗನೀಸ್ ಇದೆಯಾ ಅಂತ ಮೊದಲೇ ನೋಡಿ. ಕರಗಿದ ಕಬ್ಬಿಣಕ್ಕೆ ಬಣ್ಣವಿಲ್ಲ, ಆದ್ದರಿಂದ ನೀರು ತಿಳಿಯಾಗಿಯೇ ಕಾಣುತ್ತದೆ. ಕ್ಲೋರಿನ್ ಬಿದ್ದ ತಕ್ಷಣ ಆ ಕಬ್ಬಿಣ ತುಕ್ಕಾಗಿ ಮಾರ್ಪಟ್ಟು ಇಡೀ ಪೂಲ್ ಟೀ ಬಣ್ಣಕ್ಕೋ ಹಳದಿ ಹಸಿರಿಗೋ ತಿರುಗುತ್ತದೆ. ಇದನ್ನು ಪಾಚಿ ಅಂದುಕೊಂಡು ಮತ್ತಷ್ಟು ಕ್ಲೋರಿನ್ ಹಾಕಿದರೆ ಲೈನರ್ ಮೇಲೆ ಕಲೆ ಕೂರುತ್ತದೆ. ಕಬ್ಬಿಣ ಇದೆ ಅಂತ ಗೊತ್ತಾದರೆ, ಕ್ಲೋರಿನ್‌ಗೆ ಮೊದಲು ಸೀಕ್ವೆಸ್ಟ್ರೆಂಟ್ ಅನ್ನುವ ದ್ರಾವಣ ಹಾಕಬೇಕು. ಅದು ಲೋಹವನ್ನು ಹೊರಗೆ ಹಾಕುವುದಿಲ್ಲ, ನೀರಿನಲ್ಲೇ ಕರಗಿದ ಹಾಗೆ ಹಿಡಿದಿಡುತ್ತದೆ. ದಿನ ಕಳೆದಂತೆ ಅದರ ಶಕ್ತಿ ಕುಂದುವುದರಿಂದ ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಆಗಲೇ ಕಲೆ ಬಿದ್ದಿದ್ದರೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಸಿಡ್, ಕಬ್ಬಿಣದ ಕಲೆಯನ್ನು ಚೆನ್ನಾಗಿ ಬಿಡಿಸುತ್ತದೆ.

ಆಲ್ಕಲಿನಿಟಿ ಮತ್ತು ಪಿಎಚ್

ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಇದಕ್ಕಿಂತ ಕೆಳಗಿಳಿದರೆ ಕಣ್ಣು ಉರಿಯುತ್ತದೆ, ಲೋಹದ ಭಾಗಗಳು ಸವೆಯುತ್ತವೆ, ಲೈನರ್ ಸುಕ್ಕುಗಟ್ಟುತ್ತದೆ. ಮೇಲೇರಿದರೆ ಕ್ಲೋರಿನ್ ಸೋಮಾರಿಯಾಗುತ್ತದೆ, ಸುಣ್ಣ ಕಟ್ಟತೊಡಗುತ್ತದೆ.

ಒಟ್ಟು ಆಲ್ಕಲಿನಿಟಿ ಬೇರೆ ಸಂಗತಿ. ಪಿಎಚ್ ಹೇಳುವುದು ನೀರು ಈಗ ಎಷ್ಟು ಹುಳಿ ಅಂತ. ಹುಳಿ ಬಿದ್ದರೆ ನೀರು ಎಷ್ಟು ತಡೆದುಕೊಳ್ಳುತ್ತದೆ ಅಂತ ಹೇಳುವುದು ಆಲ್ಕಲಿನಿಟಿ. ಅದು ತೀರಾ ಕಡಿಮೆ ಇದ್ದರೆ ಸ್ವಲ್ಪ ಆಸಿಡ್ ಬಿದ್ದರೂ ಪಿಎಚ್ ದಡಕ್ಕನೆ ಕುಸಿಯುತ್ತದೆ. ತೀರಾ ಜಾಸ್ತಿ ಇದ್ದರೆ ನೀರಿನಿಂದ ಕಾರ್ಬನ್ ಡೈ ಆಕ್ಸೈಡ್ ಸತತವಾಗಿ ಹೊರಬಿದ್ದು ಪಿಎಚ್ ತಾನಾಗಿಯೇ ಏರುತ್ತಾ ಹೋಗುತ್ತದೆ. ಅದಕ್ಕೇ ಆಲ್ಕಲಿನಿಟಿ ಮೊದಲು, ಪಿಎಚ್ ಆಮೇಲೆ.

ದ್ರವ ಕ್ಲೋರಿನ್ ಬಳಸುವವರಿಗೆ 60ರಿಂದ 90 ಪಿಪಿಎಂ ಆಲ್ಕಲಿನಿಟಿ ಸಾಕು. ಟ್ರೈಕ್ಲೋರ್ ಅನ್ನುವ ಕ್ಲೋರಿನ್ ಮಾತ್ರೆ ಬಳಸುವವರು 100ರ ಆಸುಪಾಸು ಇಟ್ಟುಕೊಳ್ಳಬೇಕು, ಯಾಕೆಂದರೆ ಮಾತ್ರೆಯೇ ಆಮ್ಲ, ಅದು ಆಲ್ಕಲಿನಿಟಿಯನ್ನು ದಿನಾ ಕರಗಿಸುತ್ತದೆ. ಏರಿಸಲು ಅಡುಗೆ ಸೋಡಾ ಸಾಕು. ಸಾವಿರ ಲೀಟರಿಗೆ 1.7 ಗ್ರಾಂ ಹಾಕಿದರೆ ಸುಮಾರು 1 ಪಿಪಿಎಂ ಏರುತ್ತದೆ. ನಮ್ಮ 17,500 ಲೀಟರಿನಲ್ಲಿ 30 ಪಿಪಿಎಂ ಏರಿಸಲು ಸುಮಾರು 880 ಗ್ರಾಂ. ಪಿಎಚ್ ಮಾತ್ರ ಏರಿಸಬೇಕಿದ್ದರೆ ಅಡುಗೆ ಸೋಡಾ ಅಲ್ಲ, ವಾಷಿಂಗ್ ಸೋಡಾ.

ಇಳಿಸಲು ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಸಿಡ್. ಇದು ಪಿಎಚ್ ಮತ್ತು ಆಲ್ಕಲಿನಿಟಿ ಎರಡನ್ನೂ ಇಳಿಸುತ್ತದೆ. ಶೇಕಡಾ 31ರ ಆಸಿಡ್ ಆದರೆ ನಮ್ಮ ಪೂಲ್‌ಗೆ 150 ಮಿಲಿಲೀಟರಿನಿಂದ ಶುರು ಮಾಡಿ, ನೀರು ಒಳಬರುವ ನಳಿಕೆಯ ಎದುರಿಗೆ ನಿಧಾನವಾಗಿ ಸುರಿದು, ಕೆಲವು ಗಂಟೆ ಬಿಟ್ಟು ಮತ್ತೆ ಅಳೆಯಿರಿ. 7.6 ಇದ್ದದ್ದನ್ನು 7.4 ಮಾಡಲೇಬೇಕು ಅಂತ ಹಟ ಹಿಡಿಯಬೇಡಿ. ಶ್ರೇಣಿಯ ಒಳಗಿದ್ದರೆ ಬಿಟ್ಟುಬಿಡಿ. ದಿನಕ್ಕೆರಡು ಸಲ ಆಸಿಡ್, ಸೋಡಾ ಅಂತ ಜಗ್ಗಾಡುವುದರಿಂದ ನೀರು ಕೆಡುತ್ತದೆ, ಸುಧಾರಿಸುವುದಿಲ್ಲ.

ಕ್ಯಾಲ್ಸಿಯಂ ಬಗ್ಗೆ ಎರಡೇ ಮಾತು. ಸಿಮೆಂಟ್ ಪೂಲ್‌ನಲ್ಲಿ ಕ್ಯಾಲ್ಸಿಯಂ ಕಮ್ಮಿಯಾದರೆ ನೀರು ಗೋಡೆಯಿಂದಲೇ ಅದನ್ನು ಕಿತ್ತುಕೊಳ್ಳುತ್ತದೆ, ಆದ್ದರಿಂದ ಅಲ್ಲಿ ಅದು ದೊಡ್ಡ ವಿಷಯ. ವಿನೈಲ್ ಲೈನರಿನಲ್ಲಿ ಕಿತ್ತುಕೊಳ್ಳಲು ಏನೂ ಇಲ್ಲ. ನೀರು ತೀರಾ ಗಡಸಾಗಿದ್ದರೆ ಸುಣ್ಣ ಕಟ್ಟದಂತೆ ಪಿಎಚ್ ತುಸು ಕೆಳಗಿಟ್ಟರೆ ಸಾಕು.

ಸ್ಟೆಬಿಲೈಸರ್

ಈಗ ಮುಖ್ಯ ವಿಷಯಕ್ಕೆ ಬರೋಣ. ಸ್ಟೆಬಿಲೈಸರ್, ಕಂಡೀಷನರ್ ಅಂತೆಲ್ಲ ಡಬ್ಬಿಯ ಮೇಲೆ ಬರೆದಿರುವುದು ಒಂದೇ ವಸ್ತು: ಸಯನ್ಯೂರಿಕ್ ಆಸಿಡ್. ನೀರಿನಲ್ಲಿ ಕ್ಲೋರಿನ್ ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ. ಒಂದು ಹೈಪೋಕ್ಲೋರಸ್ ಆಸಿಡ್, ಇದೇ ಕೊಲ್ಲುವ ರೂಪ. ಇನ್ನೊಂದು ಹೈಪೋಕ್ಲೋರೈಟ್, ಇದರ ಕೆಲಸ ನಿಧಾನ. ಪಿಎಚ್ 7.0 ಇದ್ದಾಗ ಮುಕ್ಕಾಲು ಪಾಲು ಮೊದಲ ರೂಪದಲ್ಲಿ, 7.5ರಲ್ಲಿ ಸುಮಾರು ಅರ್ಧ, 8.0ರಲ್ಲಿ ಕಾಲು ಭಾಗ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಎರಡೂ ಸಿಡಿದುಹೋಗುತ್ತವೆ.

ಸಯನ್ಯೂರಿಕ್ ಆಸಿಡ್ ಬಂದ ಕೂಡಲೇ ಚಿತ್ರ ಬದಲಾಗುತ್ತದೆ. ಅದು ಕ್ಲೋರಿನ್‌ನ ಬಹುಪಾಲನ್ನು ತನ್ನ ಜೊತೆ ಸಡಿಲವಾಗಿ ಕಟ್ಟಿಕೊಳ್ಳುತ್ತದೆ. ಕಣಜ ತುಂಬಿದ್ದರೂ ದಿನದ ಬಳಕೆಗೆ ಬೇಕಾದಷ್ಟೇ ಹೊರತೆಗೆಯುವ ಹಾಗೆ, ಒಂದು ಸಮಯಕ್ಕೆ ಚೂರೇ ಚೂರು ಹೊರಗಿರುತ್ತದೆ, ಅದು ಖರ್ಚಾದಂತೆ ಇನ್ನಷ್ಟು ಬಿಡುಗಡೆಯಾಗುತ್ತದೆ. ಕಟ್ಟಿಕೊಂಡ ಕ್ಲೋರಿನ್‌ಗೆ ಬಿಸಿಲಿನ ಕಾಟ ಬಹಳ ಕಡಿಮೆ. 30 ಪಿಪಿಎಂ ಸ್ಟೆಬಿಲೈಸರ್, 3 ಪಿಪಿಎಂ ಕ್ಲೋರಿನ್ ಇರುವ ನೀರಿನಲ್ಲಿ ಶೇಕಡಾ 95ಕ್ಕೂ ಹೆಚ್ಚು ಕ್ಲೋರಿನ್ ಹೀಗೆ ಕಟ್ಟಿಕೊಂಡೇ ಇರುತ್ತದೆ. ಟೆಸ್ಟ್ ಕಿಟ್ ಮಾತ್ರ ಎರಡನ್ನೂ ಸೇರಿಸಿ 3 ಅಂತಲೇ ತೋರಿಸುತ್ತದೆ. ಈ ಕಟ್ಟು ಎಷ್ಟು ಬಿಗಿ ಅನ್ನುವ ಲೆಕ್ಕ 1974ರಲ್ಲೇ ಓಬ್ರಿಯನ್, ಮಾರಿಸ್, ಬಟ್ಲರ್ ಅನ್ನುವ ಸಂಶೋಧಕರಿಂದ ಪ್ರಕಟವಾಗಿತ್ತು. ಆದರೂ ಇವತ್ತಿಗೂ ಎಷ್ಟೋ ಡಬ್ಬಿಗಳ ಮೇಲೆ ಸ್ಟೆಬಿಲೈಸರಿನ ಮಾತೇ ಎತ್ತದೆ, ಕ್ಲೋರಿನ್ 1ರಿಂದ 3 ಇರಲಿ ಅಂತ ಮಾತ್ರ ಬರೆದಿರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಯಾಕೆಂದರೆ 3 ಪಿಪಿಎಂ ಅನ್ನುವ ಸಂಖ್ಯೆಗೆ ಒಂಟಿಯಾಗಿ ಅರ್ಥವಿಲ್ಲ. ಸ್ಟೆಬಿಲೈಸರ್ 30 ಇದ್ದಾಗ 3 ಒಳ್ಳೆಯ ಮಟ್ಟ. ಸ್ಟೆಬಿಲೈಸರ್ 100 ಇದ್ದಾಗ ಅದೇ 3 ಪಿಪಿಎಂನ ಕಣ್ಣೆದುರೇ ಪಾಚಿ ಬೆಳೆಯುತ್ತದೆ. ನೆನಪಿಡಲು ಸುಲಭದ ಲೆಕ್ಕ: ಕ್ಲೋರಿನ್ ಯಾವತ್ತೂ ಸ್ಟೆಬಿಲೈಸರಿನ ಶೇಕಡಾ 7.5ಕ್ಕಿಂತ ಕೆಳಗಿಳಿಯಬಾರದು. 30ಕ್ಕೆ 2.25, 50ಕ್ಕೆ 3.75, 80ಕ್ಕೆ 6. ಇದು ನೆಲಮಟ್ಟ. ದಿನದ ಡೋಸ್ ಹಾಕುವಾಗ ಇದಕ್ಕಿಂತ ಎರಡು ಪಿಪಿಎಂ ಮೇಲಿಟ್ಟರೆ ಸಂಜೆಯ ತನಕ ನಿಶ್ಚಿಂತೆ.

ಹೊಸ ಪೂಲ್‌ಗೆ 30 ಪಿಪಿಎಂನಿಂದ ಶುರು ಮಾಡಿ. ಬಿಸಿಲು ಬಹಳ ಚುರುಕಾಗಿದ್ದರೆ 40-50ರ ತನಕ ಹೋಗಬಹುದು. ನಮ್ಮ 17,500 ಲೀಟರಿಗೆ 30 ಪಿಪಿಎಂ ಅಂದರೆ 525 ಗ್ರಾಂ. ಇದು ಬೇಗ ಕರಗುವ ಪುಡಿಯಲ್ಲ. ನೇರವಾಗಿ ಎರಚಿದರೆ ತಳದಲ್ಲಿ ರಾಶಿ ಬೀಳುತ್ತದೆ. ಹಳೆಯ ಕಾಲುಚೀಲದಲ್ಲಿ ತುಂಬಿ ಗಂಟು ಹಾಕಿ, ನೀರು ಒಳಬರುವ ನಳಿಕೆಯ ಎದುರಿಗೆ ತೂಗುಹಾಕಿ. ಆಗಾಗ ಹೋಗಿ ಹಿಸುಕಿದರೆ ಬಿಳಿ ಹೊಗೆಯ ಹಾಗೆ ನೀರಿಗೆ ಬಿಡುವುದು ಕಾಣುತ್ತದೆ. ಹಿಸುಕಿದಾಗ ಕೈಗೆ ಹರಳು ಸಿಗದಿದ್ದರೆ ಕರಗಿತು ಅಂತ ಲೆಕ್ಕ. ಆದರೂ ಟೆಸ್ಟ್‌ನಲ್ಲಿ ಪೂರ್ತಿ ಕಾಣಲು ಕೆಲವು ದಿನ ಹಿಡಿಯಬಹುದು. ಕಂಡಿಲ್ಲ ಅಂತ ಮತ್ತೆ ಹಾಕಬೇಡಿ, ಹಾಕಿದ ತೂಕವನ್ನೇ ನಂಬಿ.

ಅಳೆಯುವ ಬಗೆಯೂ ವಿಶೇಷವಾಗಿದೆ. ಪೂಲ್ ನೀರು, ಕಿಟ್‌ನ ದ್ರಾವಣ ಸಮ ಪಾಲು ಬೆರೆಸಿದರೆ ನೀರು ಹಾಲಿನಂತೆ ಕದಡುತ್ತದೆ. ಅದನ್ನು ತಳದಲ್ಲಿ ಕಪ್ಪು ಚುಕ್ಕೆ ಇರುವ ಉದ್ದ ಕೊಳವೆಗೆ ಸ್ವಲ್ಪಸ್ವಲ್ಪವೇ ಸುರಿಯಬೇಕು. ಮೇಲಿನಿಂದ ನೋಡುವಾಗ ಚುಕ್ಕೆ ಕಣ್ಮರೆಯಾದ ಮಟ್ಟವೇ ಉತ್ತರ. ಬಯಲಿನಲ್ಲಿ, ಬಿಸಿಲಿಗೆ ಬೆನ್ನು ಹಾಕಿ ನಿಂತು, ನಿಮ್ಮ ನೆರಳಿನಲ್ಲಿ ಸೊಂಟದ ಎತ್ತರಕ್ಕೆ ಕೊಳವೆ ಹಿಡಿಯಿರಿ. ಚುಕ್ಕೆಯನ್ನೇ ದಿಟ್ಟಿಸಿದರೆ ಅದು ಇನ್ನೂ ಇದೆ ಅಂತಲೇ ಅನ್ನಿಸುತ್ತದೆ. ಕಣ್ಣು ಆಚೆ ಹೊರಳಿಸಿ ಒಮ್ಮೆ ಸುಮ್ನೆ ನೋಡಿದಾಗ ಕಂಡಿತಾ ಇಲ್ಲವಾ ಅನ್ನುವುದನ್ನು ಮಾತ್ರ ತೆಗೆದುಕೊಳ್ಳಿ.

ಯಾವ ಕ್ಲೋರಿನ್?

ಸ್ಟೆಬಿಲೈಸರ್ ಚೀಲ ನೀರಿಗಿಳಿದ ದಿನವೇ ಕ್ಲೋರಿನ್ ಕೂಡ ಶುರುವಾಗಬೇಕು. ಕೊಲ್ಲುವ ವಸ್ತು ಇಲ್ಲದ ನೀರನ್ನು ದಿನಗಟ್ಟಲೆ ಬಿಡುವಂತಿಲ್ಲ. ಯಾವ ರೂಪದ ಕ್ಲೋರಿನ್ ಹಾಕಿದರೂ ನೀರಿನಲ್ಲಿ ಮಾಡುವ ಕೆಲಸ ಒಂದೇ. ವ್ಯತ್ಯಾಸ ಇರುವುದು ಅದರ ಜೊತೆಗೆ ಬರುವ ವಸ್ತುವಿನಲ್ಲಿ.

ದ್ರವ ಕ್ಲೋರಿನ್, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಹಿಂದೆ ಬಿಡುವುದು ಬರೀ ಉಪ್ಪು. ಶುರುವಿಗೆ ನನ್ನ ಆಯ್ಕೆ ಇದೇ. ಶೇಕಡಾ 10ರ ದ್ರವ ಆದರೆ ನಮ್ಮ ಪೂಲ್‌ನಲ್ಲಿ 4 ಪಿಪಿಎಂ ಏರಿಸಲು ಸುಮಾರು 700 ಮಿಲಿಲೀಟರ್ ಬೇಕು. ಒಂದೇ ಕೊರತೆ, ಬಿಸಿಯಲ್ಲಿಟ್ಟರೆ ಬೇಗ ಶಕ್ತಿ ಕಳೆದುಕೊಳ್ಳುತ್ತದೆ. ತಂಪಾದ ಕತ್ತಲೆ ಜಾಗದಲ್ಲಿಡಿ, ತಿಂಗಳುಗಟ್ಟಲೆ ಕೂಡಿಡಬೇಡಿ. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪುಡಿ ಪ್ರತಿ 10 ಪಿಪಿಎಂ ಕ್ಲೋರಿನ್ ಜೊತೆ ಸುಮಾರು 7 ಪಿಪಿಎಂ ಗಡಸುತನ ಸೇರಿಸುತ್ತದೆ. ಹರಳು ಲೈನರ್ ಮೇಲೆ ಕೂತರೆ ಅಲ್ಲಿ ಬಿಳಿ ಮಚ್ಚೆ ಬೀಳುತ್ತದೆ, ಬಕೆಟ್ ನೀರಿಗೆ ಪುಡಿ ಹಾಕಿ ಕರಗಿಸಿಯೇ ಸುರಿಯಬೇಕು.

ಟ್ರೈಕ್ಲೋರ್ ಮಾತ್ರೆಯ ವಿಷಯ ಬಿಡಿಸಿ ಹೇಳಬೇಕು. ತೇಲುವ ಡಬ್ಬಿಯಲ್ಲಿ ಒಂದು ಮಾತ್ರೆ ಹಾಕಿಟ್ಟರೆ ದಿನಗಟ್ಟಲೆ ತಾನೇ ಕರಗುತ್ತದೆ, ಬಹಳ ಅನುಕೂಲ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ಸಯನ್ಯೂರಿಕ್ ಆಸಿಡ್‌ನದ್ದೇ. 200 ಗ್ರಾಂನ ಒಂದು ಮಾತ್ರೆ ನಮ್ಮ ಪೂಲ್‌ಗೆ ಸುಮಾರು 10 ಪಿಪಿಎಂ ಕ್ಲೋರಿನ್ ಕೊಡುತ್ತದೆ, ಜೊತೆಗೆ 6 ಪಿಪಿಎಂ ಸ್ಟೆಬಿಲೈಸರ್ ಸೇರಿಸುತ್ತದೆ. ಕ್ಲೋರಿನ್ ದಿನಕ್ಕೆ 2 ಪಿಪಿಎಂ ಖರ್ಚಾಗುತ್ತದೆ ಅಂದುಕೊಳ್ಳಿ. ಒಂದು ತಿಂಗಳಲ್ಲಿ ಆರು ಮಾತ್ರೆ, ಸ್ಟೆಬಿಲೈಸರ್ 36 ಪಿಪಿಎಂ ಏರಿಕೆ. ಮೂರು ತಿಂಗಳಿಗೆ 100 ದಾಟಿತು. ಕ್ಲೋರಿನ್ ಖರ್ಚಾಗಿ ಹೋಗುತ್ತದೆ, ಸ್ಟೆಬಿಲೈಸರ್ ಹೋಗುವುದಿಲ್ಲ. ಮೊದಲೆರಡು ತಿಂಗಳು ಎಲ್ಲ ಚೆನ್ನಾಗಿದ್ದ ಪೂಲ್ ಇದ್ದಕ್ಕಿದ್ದಂತೆ ಹಸಿರಾಗುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ ಲೆಕ್ಕ. ಮಾತ್ರೆಯನ್ನು ಊರಿಗೆ ಹೋಗುವ ದಿನಗಳಿಗೆ ಇಟ್ಟುಕೊಳ್ಳಿ. ಮಾತ್ರೆಯಿಂದಲೇ ಶುರು ಮಾಡುವುದಾದರೆ ಬೇರೆ ಸ್ಟೆಬಿಲೈಸರ್ ಕಡಿಮೆ ಹಾಕಿ. ಶಾಕ್ ಅಂತ ಮಾರುವ ಪುಡಿಯ ಡಬ್ಬಿಯಲ್ಲಿ ಡೈಕ್ಲೋರ್ ಅಂತ ಬರೆದಿದ್ದರೆ ಅದಕ್ಕೂ ಇದೇ ಎಚ್ಚರಿಕೆ, ಅದು 10 ಪಿಪಿಎಂ ಕ್ಲೋರಿನ್‌ಗೆ 9 ಪಿಪಿಎಂ ಸ್ಟೆಬಿಲೈಸರ್ ತರುತ್ತದೆ.

ಒಂದು ವಿಷಯದಲ್ಲಿ ರಾಜಿಯೇ ಇಲ್ಲ. ಬೇರೆ ಬೇರೆ ಜಾತಿಯ ಕ್ಲೋರಿನ್‌ಗಳನ್ನು ಒಣಗಿದ್ದಾಗಲೂ ಒದ್ದೆಯಾಗಿದ್ದಾಗಲೂ ಒಟ್ಟಿಗೆ ಸೇರಿಸಬಾರದು. ಟ್ರೈಕ್ಲೋರ್ ಹಾಕುತ್ತಿದ್ದ ಡಬ್ಬಿಗೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹಾಕಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಆಸಿಡ್ ಮತ್ತು ದ್ರವ ಕ್ಲೋರಿನ್ ಸೇರಿದರೆ ವಿಷಾನಿಲ ಏಳುತ್ತದೆ. ಎರಡಕ್ಕೂ ಬೇರೆ ಬೇರೆ ಅಳತೆ ಲೋಟ ಇಡಿ, ಎರಡನ್ನೂ ಬೇರೆ ಬೇರೆ ಜಾಗದಲ್ಲಿಡಿ. ಕೈಗವಸು, ಕನ್ನಡಕ ಹಾಕಿಕೊಂಡು ಒಂದು ಸಲಕ್ಕೆ ಒಂದೇ ವಸ್ತು ಹಾಕಿ. ರಾಸಾಯನಿಕವನ್ನು ನೀರಿಗೆ ಹಾಕಬೇಕೇ ಹೊರತು ರಾಸಾಯನಿಕದ ಮೇಲೆ ನೀರು ಸುರಿಯಬಾರದು.

ಇಳಿಯುವ ಮೊದಲು ಒಂದು ರಾತ್ರಿಯ ಪರೀಕ್ಷೆ

ಹೊಸ ನೀರು ಒಳಗಿಂದೊಳಗೆ ಶುದ್ಧವಾಗಿದೆಯಾ ಅಂತ ತಿಳಿಯಲು ಒಂದು ಸರಳ ದಾರಿ ಇದೆ. ಸೂರ್ಯ ಮುಳುಗಿದ ಮೇಲೆ ಕ್ಲೋರಿನ್ ಅಳೆದು ಬರೆದಿಡಿ. ಪಂಪ್ ಓಡುತ್ತಿರಲಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಆದ್ದರಿಂದ ಕ್ಲೋರಿನ್ ಇಳಿದಿದ್ದರೆ ಅದನ್ನು ನೀರಿನಲ್ಲಿರುವ ಏನೋ ತಿನ್ನುತ್ತಿದೆ ಅಂತ ಅರ್ಥ. 1 ಪಿಪಿಎಂ ಒಳಗಿನ ಇಳಿಕೆ ಸರಿ. ಅದಕ್ಕಿಂತ ಜಾಸ್ತಿ ಹೋಗಿದ್ದರೆ ಪಾಚಿ ಮೊಳೆಯುತ್ತಿರಬಹುದು, ನಲ್ಲಿ ನೀರಿನ ಜೊತೆ ಬಂದ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿ ಆದದ್ದು) ಇರಬಹುದು, ಎಲೆ ಮಣ್ಣು ಇರಬಹುದು. ಆಗ ಕ್ಲೋರಿನ್ ಅನ್ನು ಸ್ಟೆಬಿಲೈಸರಿನ ಶೇಕಡಾ 40ಕ್ಕೆ, ಅಂದರೆ 30 ಪಿಪಿಎಂ ಇದ್ದರೆ 12ಕ್ಕೆ ಏರಿಸಿ, ರಾತ್ರಿಯ ಇಳಿಕೆ ನಿಲ್ಲುವ ತನಕ ಅಲ್ಲೇ ಹಿಡಿದಿಡಿ. ಇದೇ ಶಾಕ್.

ಪೂಲ್ ಅಂದರೆ ಮೂಗಿಗೆ ಬಡಿಯುವ ಆ ಕ್ಲೋರಿನ್ ವಾಸನೆ ಇದೆಯಲ್ಲ, ಅದು ಹೆಚ್ಚಾಗಿ ಬರುವುದು ಬೆವರು, ಮೂತ್ರದ ಜೊತೆ ಸೇರಿ ಹುಟ್ಟಿದ ಕ್ಲೋರಮೈನ್‌ನಿಂದ. ವಾಸನೆ ಜೋರಾಗಿದ್ದರೆ ಕ್ಲೋರಿನ್ ಜಾಸ್ತಿಯಾಗಿದೆ ಅಂತ ಕಮ್ಮಿ ಮಾಡಲು ಹೋಗುತ್ತಾರೆ. ಆಗ ಬೇಕಾಗಿರುವುದು ಇನ್ನಷ್ಟು ಕ್ಲೋರಿನ್.

ತಳ ಸ್ಪಷ್ಟವಾಗಿ ಕಾಣಬೇಕು, ಪಿಎಚ್ ಶ್ರೇಣಿಯಲ್ಲಿರಬೇಕು, ಕ್ಲೋರಿನ್ ನೆಲಮಟ್ಟಕ್ಕಿಂತ ಮೇಲೆ, ಶಾಕ್ ಮಟ್ಟಕ್ಕಿಂತ ಕೆಳಗೆ ಇರಬೇಕು. ಇಷ್ಟಿದ್ದರೆ ಇಳಿಯಬಹುದು. ಹೊಟ್ಟೆ ಕೆಟ್ಟವರು ಮಾತ್ರ ಇಳಿಯಲೇಬಾರದು. ಸ್ಟೆಬಿಲೈಸರ್ ಇಲ್ಲದ ನೀರಿನಲ್ಲಿ 1 ಪಿಪಿಎಂ ಕ್ಲೋರಿನ್ ಇ. ಕೋಲಿ ಬ್ಯಾಕ್ಟೀರಿಯಾವನ್ನು ಒಂದು ನಿಮಿಷದೊಳಗೆ ಕೊಂದರೂ ಕ್ರಿಪ್ಟೋಸ್ಪೋರಿಡಿಯಂ ಅನ್ನುವ ಪರಾವಲಂಬಿ ಜೀವಿ ಅದೇ ನೀರಿನಲ್ಲಿ ಹತ್ತು ದಿನ ಬದುಕಿರಬಲ್ಲದು.

ಇದಾದ ಮೇಲೆ ಕ್ಲೋರಿನ್ ಮತ್ತು ಪಿಎಚ್ ದಿನಾ ನೋಡಿ, ಆಲ್ಕಲಿನಿಟಿ ವಾರಕ್ಕೊಮ್ಮೆ, ಸ್ಟೆಬಿಲೈಸರ್ ತಿಂಗಳಿಗೊಮ್ಮೆ. ಫಿಲ್ಟರ್ ಶುಚಿಯಾಗಿದ್ದಾಗ ಮೀಟರ್ ಎಷ್ಟು ತೋರಿಸುತ್ತಿತ್ತು ಅಂತ ಬರೆದಿಟ್ಟು, ಒತ್ತಡ ಅದಕ್ಕಿಂತ ಕಾಲು ಭಾಗ ಏರಿದಾಗ ತೊಳೆಯಿರಿ. ಸ್ಟೆಬಿಲೈಸರ್ 80 ದಾಟಿದರೆ ಅದನ್ನು ಇಳಿಸುವ ಭರವಸೆಯ ದಾರಿ ಒಂದೇ, ನೀರು ಬದಲಿಸುವುದು. ಮೂರರಲ್ಲಿ ಒಂದು ಪಾಲು ನೀರು ತೆಗೆದು ಹೊಸದು ತುಂಬಿದರೆ ಸ್ಟೆಬಿಲೈಸರ್ ಕೂಡ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಪೂಲನ್ನು ಪೂರ್ತಿ ಖಾಲಿ ಮಾಡಬೇಡಿ. ನೀರಿನ ಭಾರ ಇಲ್ಲದಿದ್ದರೆ ಲೈನರ್ ಜಾಗ ಬಿಟ್ಟು ಕುಗ್ಗುತ್ತದೆ, ಗಾಳಿಗೆ ಗೋಡೆ ಒಳಕ್ಕೆ ಬಾಗಬಹುದು. ಆಮೇಲೆ ಹೊಸ ನೀರಿನ ಆಲ್ಕಲಿನಿಟಿ ಅಳೆದು, ಅಲ್ಲಿಂದ ಮತ್ತೆ ಇದೇ ಕ್ರಮದಲ್ಲಿ ಹೋಗಿ.